ಚಾನೆಲ್ ತಾನಾಗಿ ಬದಲಾಗುವ ಮನೆ

ಬೆಳಗಿನ ಐದೂವರೆ. ಹಾಲಿನ ಗಾಡಿ ಇನ್ನೂ ಬೀದಿಗೆ ಬಂದಿಲ್ಲ. ಎರಡು ಕೋಣೆಯ ಪುಟ್ಟ ಮನೆಯೊಂದರಲ್ಲಿ, ಟಿವಿ ಮೇಜಿಗೂ ಗೋಡೆಗೂ ನಡುವಿನ ಮೊಳದಗಲದ ಸಂದಿಯಲ್ಲಿ, ಐವತ್ತೆರಡು ವರ್ಷದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಕೈಯಲ್ಲಿ ಇಕ್ಕಳ, ಬಾಯಲ್ಲಿ ಟಾರ್ಚು. ಟಾರ್ಚು ಕಚ್ಚಿಕೊಂಡೇ ಏನೋ ಗೊಣಗುತ್ತಾರೆ, ಯಾರಿಗೂ ಅರ್ಥವಾಗುವುದಿಲ್ಲ. ಕೊನೆಗೆ ಟಾರ್ಚು ತೆಗೆದು ಹೇಳುತ್ತಾರೆ: "ಈ ಕೆಲಸ ಮಾಡಿದ ಪುಣ್ಯಾತ್ಮರು ಯಾರಪ್ಪಾ ಅಂತ ಬಯ್ಯೋಣ ಅಂದ್ರೆ, ಮಾಡಿದೋಳು ನಾನೇ!"

ನಾಲ್ಕು ದಿನದ ಹಿಂದೆ ತಾವೇ ಕೂರಿಸಿ, ಒರೆಸಿ, ತಂತಿಗಳನ್ನು ಜಡೆಯಂತೆ ಹೆಣೆದು ಹೋಗಿದ್ದ ಹೊಸ ಪೆಟ್ಟಿಗೆಯನ್ನು ಈಗ ತಾವೇ ಕಿತ್ತು ಹಳೆಯದನ್ನು ಮತ್ತೆ ಜೋಡಿಸುತ್ತಿದ್ದಾರೆ. ಹೊಸದು ಕೆಟ್ಟಿಲ್ಲ. ಹಳೆಯದಕ್ಕಿಂತ ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆ ಆದದ್ದೇ ಅದರಿಂದ.

ಇವರಿಗೆ ಊರಿಟ್ಟ ಹೆಸರು ತಂತಿಯಮ್ಮ. ಹೆತ್ತವರಿಟ್ಟ ಹೆಸರು ಪಡಿತರ ಚೀಟಿಯಲ್ಲಿದೆ, ಅಲ್ಲಿಯೇ ಇರಲಿ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಇವರ ಕೆಲಸ ಒಂದೇ: ಮನೆಯ ಟಿವಿಯಲ್ಲಿ ಬರುವುದನ್ನು ಮನೆಯಿಂದ ದೂರ ಇರುವವರಿಗೆ, ಮೊದಲು ಕಂಪ್ಯೂಟರಿಗೆ, ಈಗ ಮೊಬೈಲಿಗೆ, ಮುಟ್ಟಿಸುವುದು. ಲಾರಿಯವರು, ಪಾಳಿಯ ಮೇಲೆ ಬೇರೆ ಊರಲ್ಲಿರುವ ದಾದಿಯರು, ಅಣೆಕಟ್ಟಿನ ಕಾವಲುಗಾರರು, ವರ್ಷದಲ್ಲಿ ಎಂಟು ತಿಂಗಳು ಹಡಗಿನಲ್ಲಿ ಅಡುಗೆ ಮಾಡುವ ಒಬ್ಬರು. ಇಂಥ ಅರವತ್ತನಾಲ್ಕು ಮನೆಗಳ ಟಿವಿ ಹಿಂದಿನ ಧೂಳು ತಂತಿಯಮ್ಮನಿಗೆ ಗೊತ್ತು. ದಿನಕ್ಕೆ ನಾಲ್ಕೋ ಐದೋ ಮನೆ. ಒಂದು ಮನೆಗೆ ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಜೇಡರ ಬಲೆಗೇ ಹೋಗುತ್ತದೆ. ಹೆಗಲ ಚೀಲ ಆರು ಕಿಲೋ. ಮೊಣಕಾಲು ಎರಡೂ ದೂರು ಹೇಳುತ್ತಿವೆ, ಇವರು ಕೇಳಿಸಿಕೊಳ್ಳುತ್ತಿಲ್ಲ.

"ಟಿವಿ ಹಿಂದೆ ಏನೇನು ಸಿಗುತ್ತೆ ಗೊತ್ತಾ? ಬಾಚಣಿಗೆ, ಗುಂಡಿ, ಒಂದು ಮನೇಲಿ ಹಲ್ಲಿನ ಸೆಟ್ಟು. ಇನ್ನೊಂದು ಮನೇಲಿ ಯಜಮಾನರು ನುಂಗದೆ ಎಸೆದಿದ್ದ ಮಾತ್ರೆ, ಒಂದು ಮುಷ್ಟಿ! ಅವರ ಮುಖ ನೋಡಿದೆ, 'ಹೇಳಬೇಡ' ಅಂತ ಕಣ್ಣಲ್ಲೇ ಬೇಡಿಕೊಂಡ್ರು. ಹೇಳಿಬಿಟ್ಟೆ. ಆರೋಗ್ಯದ ವಿಷಯ ಅಲ್ವಾ."

ಮುಖ್ಯ ರಸ್ತೆಯಿಂದ ಎರಡನೇ ಓಣಿಯಲ್ಲಿ ಇವರ ಅಂಗಡಿ. ಮುಂಭಾಗದಲ್ಲಿ ಗಂಡನ ಹೊಲಿಗೆ ಯಂತ್ರ, ಹಿಂಭಾಗದಲ್ಲಿ ಹೆಂಡತಿಯ ಬೆಸುಗೆ ಕಡ್ಡಿ. ಹಳೆಯ ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು ಕಲಿತ ವಿದ್ಯೆ ಇದು. ಮದುವೆಯಾಗಿ ಬಂದಾಗ ಬಟ್ಟೆಬರೆಯ ಪೆಟ್ಟಿಗೆಯ ಜೊತೆ ಅಪ್ಪನ ಇಕ್ಕಳವೂ ಬಂತು. ದರ್ಜಿ ಯಜಮಾನರು ಕತ್ತರಿ ಕೆಳಗಿಡದೆ ನಗುತ್ತಾರೆ: "ನೂಲು ನಂದು, ತಂತಿ ಇವಳದ್ದು. ಇಬ್ಬರದ್ದೂ ಗಂಟು ಬಿಡಿಸೋ ಕೆಲಸವೇ. ಆದ್ರೆ ನನಗೆ ಶಾಕ್ ಹೊಡೆಯಲ್ಲ."

ಹಳೆಯ ಪೆಟ್ಟಿಗೆಯ ಸ್ವಭಾವ ಸ್ವಲ್ಪ ತಿಳಿದಿದ್ದರೆ ಮುಂದಿನದು ಸುಲಭ. ಟಿವಿಗೆ ಬರುವ ಚಿತ್ರವನ್ನೇ ಅದು ಮನೆಯ ಇಂಟರ್‌ನೆಟ್ಟಿನ ಮೂಲಕ ಮೊಬೈಲಿಗೆ ಅಟ್ಟುತ್ತದೆ. ಜೊತೆಗೆ ಕಡಲೆಕಾಳಿನಷ್ಟು ದೊಡ್ಡದೊಂದು ದೀಪ, ಇವರ ಬಾಯಲ್ಲಿ ಅದು 'ಕಣ್ಣು'. ಅದನ್ನು ಸೆಟ್‌ಟಾಪ್ ಬಾಕ್ಸಿನ ಮುಂದೆ ಅಂಟಿಸುತ್ತಾರೆ. ದೂರದಲ್ಲಿರುವವರು ಮೊಬೈಲಿನಲ್ಲಿ ಚಾನೆಲ್ ಒತ್ತಿದರೆ ಈ ಕಣ್ಣು ಮಿಟುಕಿ, ರಿಮೋಟು ಒತ್ತಿದಂತೆಯೇ ಆಗುತ್ತದೆ. ಅಂದರೆ ಅಲ್ಲಿ ಅವರು ಬದಲಾಯಿಸಿದರೆ ಇಲ್ಲಿ ಮನೆಯ ಟಿವಿಯೂ ಬದಲಾಗುತ್ತದೆ. ಧಾರಾವಾಹಿಯ ಸೊಸೆ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಕುಸ್ತಿ ಪಂದ್ಯ ಬಂದು ಕೂರುತ್ತದೆ. ಮೊದಮೊದಲು ಅಜ್ಜಿಯೊಬ್ಬರು ಟಿವಿಗೆ ದೆವ್ವ ಹಿಡಿದಿದೆಯೆಂದು ಮೂರು ದಿನ ಅದಕ್ಕೆ ಕಂಬಳಿ ಹೊದಿಸಿಟ್ಟಿದ್ದರಂತೆ.

ಈ ದೂರು ಕೇಳಿ ಕೇಳಿ ತಂತಿಯಮ್ಮನ ಕಿವಿ ತೂತಾಗಿದೆ. ಹಾಗಾಗಿ ಪೆಟ್ಟಿಗೆ ಮಾಡುವ ಕಂಪನಿ ಈ ತಿಂಗಳ ಕೊನೆಗೆ ತನ್ನ ಸೇವೆ ನಿಲ್ಲಿಸುವುದಾಗಿ ತಿಳಿಸಿದಾಗ ಅವರು ಮೊದಲು ಹೆದರಿದರೂ ಆಮೇಲೆ ಖುಷಿಪಟ್ಟರು. ಪೆಟ್ಟಿಗೆಗೂ ಮೊಬೈಲಿಗೂ ನಡುವೆ ಮಾತು ಹೊಂದಿಸುತ್ತಿದ್ದದ್ದು ಕಂಪನಿಯ ಕಂಪ್ಯೂಟರು. ಅದು ನಿಂತರೆ ಎಲ್ಲ ಪೆಟ್ಟಿಗೆಗಳೂ ಇಟ್ಟಿಗೆಗೆ ಸಮ. ಸರಿ, ಬದಲಿಗೆ ಬೇರೊಂದು ಸಾಧನ ಹುಡುಕಿದರು. ಅದು ಮೊಬೈಲಿಗೆ ಬೇಕಾದ ಚಾನೆಲನ್ನು ತಾನೇ ಬೇರೆಯಾಗಿ ಹಿಡಿದು ಕಳಿಸುತ್ತದೆ, ಮನೆಯ ಟಿವಿಯ ತಂಟೆಗೇ ಹೋಗುವುದಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಮೂರು ವಾರದಲ್ಲಿ ಮೂವತ್ತೊಂದು ಮನೆಗೆ ಕೂರಿಸಿದರು. ಎಲ್ಲ ಕಡೆ ಹೊಗಳಿಕೆ. ಮೂವತ್ತೆರಡನೆಯದು ಈ ಮನೆ.

ಇಲ್ಲಿಯ ಯಜಮಾನರು ಹಾಲಿನ ಟ್ಯಾಂಕರ್ ಓಡಿಸುತ್ತಾರೆ. ಹದಿನೆಂಟು ದಿನ ದಾರಿಯಲ್ಲಿ, ನಾಲ್ಕು ದಿನ ಮನೆಯಲ್ಲಿ. ಹೆಂಡತಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ಹೋಯಿತು, ಬಲಗೈ ಹೋಯಿತು. ಆಕೆಯ ಅಕ್ಕ ಬಂದು ಜೊತೆಗಿದ್ದು ನೋಡಿಕೊಳ್ಳುತ್ತಿದ್ದಾರೆ. ಫೋನಿನಲ್ಲಿ ಮಾತಾಡಲು ಆಕೆಗೆ ಮಾತಿಲ್ಲ. ವಿಡಿಯೊ ಕರೆ ಮಾಡಿದರೆ, ಸೊಟ್ಟಗಾದ ಬಾಯಿ ಗಂಡನಿಗೆ ಕಾಣಬಾರದೆಂದು ಗೋಡೆಯ ಕಡೆ ತಿರುಗಿಬಿಡುತ್ತಾರೆ.

ಹೊಸ ಪೆಟ್ಟಿಗೆ ಕೂರಿಸಿದ ನಾಲ್ಕನೆಯ ದಿನ ಸಂಜೆ ಅಕ್ಕ ಅಂಗಡಿಗೇ ಬಂದರು. "ತಂತಿಯಮ್ಮಾ, ನೀವೇನೋ ಒಳ್ಳೇದೇ ಮಾಡಿದ್ರಿ. ಆದ್ರೆ ಅವಳು ಎರಡು ದಿನದಿಂದ ತುತ್ತು ಮುಟ್ಟಿಲ್ಲ."

ತಂತಿಯಮ್ಮ ಬೆಸುಗೆ ಕಡ್ಡಿ ಕೆಳಗಿಟ್ಟರು. ಯಾಕೆಂದು ಕೇಳಿದಾಗ ತಿಳಿದದ್ದು ಇದು. ದಿನಾ ಬೆಳಿಗ್ಗೆ ಆರಕ್ಕೆ ಹೆಂಡತಿ ಹಾಡಿನ ಚಾನೆಲ್ ಹಾಕಿಕೊಂಡು ಕೂರುತ್ತಾರೆ. ಆರೂ ಐದಕ್ಕೆ, ಎಲ್ಲೋ ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಿ ಚಹಾ ಹಿಡಿದ ಗಂಡ ಮೊಬೈಲು ತೆಗೆದು ಕಾಡುಪ್ರಾಣಿಗಳ ಚಾನೆಲ್ ಒತ್ತುತ್ತಾರೆ. ಮನೆಯಲ್ಲಿ ಹಾಡು ಹೋಗಿ ಆನೆ ಬರುತ್ತದೆ. ಹೆಂಡತಿ ಎಡಗೈ ಹೆಬ್ಬೆರಳಿನಿಂದ ರಿಮೋಟು ಒತ್ತಿ ಮತ್ತೆ ಹಾಡು ತರುತ್ತಾರೆ. ಅಲ್ಲಿಂದ ಮತ್ತೆ ಆನೆ, ಇಲ್ಲಿಂದ ಮತ್ತೆ ಹಾಡು. ಐದಾರು ಸುತ್ತು ಆದಮೇಲೆ ಗಂಡ ಸೋಲುತ್ತಾರೆ, ಹಾಡು ಉಳಿಯುತ್ತದೆ, ಆಕೆ ಗೆದ್ದ ಗತ್ತಿನಲ್ಲಿ ತಿಂಡಿಗೆ ಬಾಯಿ ತೆರೆಯುತ್ತಾರೆ. ಇದು ಇಬ್ಬರೂ ಒಬ್ಬರಿಗೊಬ್ಬರು ಹೇಳಿ ಮಾಡಿಕೊಂಡ ಒಪ್ಪಂದವಲ್ಲ, ಹೇಗೋ ಆಗಿಬಂದದ್ದು. ಹೊಸ ಪೆಟ್ಟಿಗೆ ಬಂದಮೇಲೆ ಹಾಡು ಅದರ ಪಾಡಿಗೆ ಅದು ಹಾಡುತ್ತಲೇ ಇತ್ತು. ಯಾರೂ ತಡೆಯಲಿಲ್ಲ. ಗಂಡನಿಗೆ ಏನೋ ಆಗಿದೆ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದರು.

"ಅವರು ಚೆನ್ನಾಗಿದ್ದಾರೆ ಅಂತ ಹೇಳಬಾರದಾಗಿತ್ತಾ?" ಎಂದರು ತಂತಿಯಮ್ಮ.

"ಸಾವಿರ ಸಲ ಹೇಳಿದೆ. ಧ್ವನಿಯನ್ನೂ ಕೇಳಿಸಿದೆ. ತಲೆ ಅಲ್ಲಾಡಿಸ್ತಾಳೆ. ಆಸ್ಪತ್ರೆ ಮಂಚದ ಮೇಲಿಂದಲೂ ಮಾತಾಡಬಹುದಲ್ಲ ಅಂತ ಅವಳ ಲೆಕ್ಕ." ಅಕ್ಕ ಉಳಿದದ್ದನ್ನೂ ಹೇಳಿದರು. "ತಪ್ಪು ನಮ್ಮದೇ. ಇವಳು ಆಸ್ಪತ್ರೇಲಿದ್ದಾಗ ನಮ್ಮ ತಮ್ಮ ತೀರಿಕೊಂಡ. ಇವಳಿಗೆ ಆಘಾತ ಆಗಬಾರದು ಅಂತ ಒಂದು ತಿಂಗಳು 'ಚೆನ್ನಾಗಿದ್ದಾನೆ, ಚೆನ್ನಾಗಿದ್ದಾನೆ' ಅಂತ ಸುಳ್ಳು ಹೇಳಿದ್ವಿ. ಅವತ್ತಿಂದ 'ಚೆನ್ನಾಗಿದ್ದಾರೆ' ಅನ್ನೋ ಮಾತನ್ನೇ ಅವಳು ನಂಬಲ್ಲ."

ಆ ರಾತ್ರಿ ತಂತಿಯಮ್ಮನಿಗೂ ಊಟ ಸೇರಲಿಲ್ಲ. ಕೆಟ್ಟ ಯಂತ್ರವನ್ನು ಸರಿ ಮಾಡುವ ವಿದ್ಯೆ ಅವರಿಗೆ ಗೊತ್ತು. ಸರಿಯಾಗಿದ್ದ ಸಂಸಾರವನ್ನು ಕೆಡಿಸಿ ಬಂದೆನಲ್ಲ ಎಂಬ ಸಂಕಟ ಹೊಸದು. ಅದಕ್ಕೇ ಇವತ್ತು ಬೆಳಕು ಹರಿಯುವ ಮೊದಲೇ ಇಲ್ಲಿ ಬೋರಲು ಬಿದ್ದಿದ್ದಾರೆ.

ಹಳೆಯ ಪೆಟ್ಟಿಗೆ ಕೂತಿತು. ಆರೂ ಐದಕ್ಕೆ ಹಾಡು ಹಾರಿ ಜಿಂಕೆಯ ಹಿಂಡು ಓಡಿಬರುತ್ತದೆ. ಹೆಂಡತಿ ಪರದೆಯನ್ನೇ ನೋಡುತ್ತಾರೆ, ಎಡಗೈಯಲ್ಲಿ ರಿಮೋಟು ಹಾಗೆಯೇ ಇದೆ. ಇವತ್ತು ಚಾನೆಲ್ ವಾಪಸು ಬದಲಾಯಿಸುವುದಿಲ್ಲ. ಕಣ್ಣೀರು ಒರೆಸಿಕೊಳ್ಳಲು ಆ ಕೈಯೇ ಬೇಕಲ್ಲ.

ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ತಿಂಗಳು ಮುಗಿಯಲು ಇನ್ನು ಐದೇ ದಿನ. ಆಮೇಲೆ ಈ ಹಳೆಯ ಪೆಟ್ಟಿಗೆ ಸಾಯುತ್ತದೆ. ಅಷ್ಟರೊಳಗೆ ಕಂಪನಿಯ ಹಂಗಿಲ್ಲದೆ ಚಿತ್ರ ಕಳಿಸುವ, ಆದರೆ ಹಳೆಯದರಂತೆಯೇ ಮನೆಯ ಚಾನೆಲನ್ನು ಕೆಡಿಸುವ ಒಂದು ಸಾಧನ ಬೇಕು. ಪೇಟೆಯ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ. ಮನೆಯವರಿಗೆ ಕಿರಿಕಿರಿ ಮಾಡುವ ಯಂತ್ರವನ್ನು ಯಾರು ಮಾರುತ್ತಾರೆ?

ತಂತಿಯಮ್ಮ ತಾವೇ ಕಟ್ಟುತ್ತಾರೆ. ಅಂಗೈಯಗಲದ ಪುಟ್ಟ ಕಂಪ್ಯೂಟರೊಂದು ಚಿತ್ರ ಹಿಡಿದು ಕಳಿಸುತ್ತದೆ. ಹೊಸ ಕಣ್ಣು ಸುಲಭವಾಗಿ ಸಿಗುತ್ತದೆ, ಆದರೆ ಅದಕ್ಕೆ ಈ ಮನೆಯ ಹಳೇ ಸೆಟ್‌ಟಾಪ್ ಬಾಕ್ಸಿನ ಭಾಷೆ ಗೊತ್ತಿಲ್ಲ. ಮನೆಯ ರಿಮೋಟನ್ನು ಅದರ ಮುಂದೆ ಹಿಡಿದು ಒಂದೊಂದೇ ಗುಂಡಿ ಒತ್ತಿ ಕಲಿಸಬೇಕು, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ರಿಮೋಟು ಕೇಳಿದರೆ ಹೆಂಡತಿ ಕೊಡುವುದಿಲ್ಲ. ಕೈಯಿಂದ ಬಿಡುವುದೇ ಇಲ್ಲ.

"ಸರಿ ತಾಯಿ, ಹಾಗಾದ್ರೆ ನೀವೇ ಒತ್ತಿ, ನೀವೇ ಕಲಿಸಿ," ಎನ್ನುತ್ತಾರೆ ತಂತಿಯಮ್ಮ.

ಎರಡು ಬೆಳಗು ಹಿಡಿಯುತ್ತದೆ. ಮೂವತ್ತೆಂಟು ಗುಂಡಿ. ಒಂದೊಂದನ್ನು ಒತ್ತಿದಾಗಲೂ ಕಣ್ಣು ಹಸಿರು ಬೆಳಕು ತೋರಿಸಿ ಕಲಿತೆ ಎನ್ನುತ್ತದೆ. ಹೆಬ್ಬೆರಳು ದಣಿದಾಗ ತಂತಿಯಮ್ಮ ಚಹಾ ಕುಡಿಯುತ್ತಾ ಕಾಯುತ್ತಾರೆ. ಅವಸರ ಮಾಡುವುದಿಲ್ಲ. ಮೊಬೈಲಿನ ಕಡೆಯದ್ದು ಮಾತ್ರ ತಾಳ್ಮೆ ಪರೀಕ್ಷಿಸುತ್ತದೆ. ಎಲ್ಲೋ ಇರುವ ಟ್ಯಾಂಕರಿನವರಿಗೆ ಹದಿನಾರು ಅಕ್ಷರದ ಗುಪ್ತಪದವನ್ನು ಫೋನಿನಲ್ಲಿ ಹೇಳಿ ಬರೆಸುವುದರೊಳಗೆ ಇಬ್ಬರಿಗೂ ಬೆವರು.

"ಅಣ್ಣಾ, ಎಲ್ಲ ಸರಿಯಾಗಿ ಒತ್ತಿದ್ರಾ?"

"ಒತ್ತಿದೆ ತಂತಿಯಮ್ಮಾ. ಬರೀ ಚುಕ್ಕೆ ಚುಕ್ಕೆ ಕಾಣ್ತಿದೆ."

"ಅದು ಹಾಗೇ ಕಾಣೋದು. ಗುಟ್ಟು ಅಲ್ವಾ."

"ನನ್ನಿಂದಲೇ ಗುಟ್ಟಾ? ನಾನೇ ಒತ್ತಿದ್ದು!"

ಒಂದನೇ ತಾರೀಕು. ಹಿಂದಿನ ರಾತ್ರಿಯೇ ಕಂಪನಿ ತನ್ನ ಸೇವೆ ನಿಲ್ಲಿಸಿದೆ. ಬೆಳಿಗ್ಗೆ ಆರಕ್ಕೆ ಹೆಂಡತಿ ಹಾಡಿನ ಚಾನೆಲ್ ಹಾಕಿ ಕೂರುತ್ತಾರೆ. ಪಕ್ಕದಲ್ಲಿ ಅಕ್ಕ. ಟಿವಿಯ ಪಕ್ಕ ನೆಲದ ಮೇಲೆ, ನೋಯುವ ಮೊಣಕಾಲು ಚಾಚಿಕೊಂಡು ತಂತಿಯಮ್ಮ. ಆರೂ ಐದು ಆಗುತ್ತದೆ. ಹಾಡು ನಿಲ್ಲುವುದಿಲ್ಲ. ಆರೂ ಹತ್ತು. ಗಾಯಕಿ ನಗುನಗುತ್ತಾ ಚರಣ ಮುಗಿಸಿ ಮತ್ತೆ ಪಲ್ಲವಿಗೆ ಬರುತ್ತಾಳೆ. ಅಕ್ಕ ಫೋನಿಗೆ ಕೈ ಹಾಕುತ್ತಾರೆ. ತಂತಿಯಮ್ಮ ಬೇಡವೆಂದು ಸನ್ನೆ ಮಾಡುತ್ತಾರೆ. ಗಾಡಿ ಓಡಿಸುತ್ತಿದ್ದರೆ? ಹೆಂಡತಿ ನಿಧಾನವಾಗಿ ಗೋಡೆಯ ಕಡೆ ಮುಖ ತಿರುಗಿಸತೊಡಗುತ್ತಾರೆ.

ಆರೂ ಹದಿನೇಳಕ್ಕೆ ಹಾಡು ಕತ್ತರಿಸಿದಂತೆ ನಿಲ್ಲುತ್ತದೆ. ಪರದೆ ಒಂದು ಗಳಿಗೆ ಕಪ್ಪಾಗುತ್ತದೆ. ಆಮೇಲೆ ಬಂದದ್ದು ಆನೆಯಲ್ಲ, ಜಿಂಕೆಯಲ್ಲ. ಕೋಟು ಹಾಕಿದವರೊಬ್ಬರು ಬಂದು ಶೇರು ಪೇಟೆಯ ಏರಿಳಿತ ಹೇಳುತ್ತಿದ್ದಾರೆ. ಕಲಿಸುವಾಗ ಯಾವುದೋ ಒಂದು ಗುಂಡಿಯನ್ನು ದಣಿದ ಹೆಬ್ಬೆರಳು ಎರಡು ಸಲ ಒತ್ತಿತ್ತು, ಕಣ್ಣು ಅದನ್ನು ಹಾಗೆಯೇ ಕಲಿತುಬಿಟ್ಟಿತ್ತು. ಹೆಂಡತಿ ಗೋಡೆಯಿಂದ ತಿರುಗಿ ನೋಡುತ್ತಾರೆ. ಕೋಟಿನವರನ್ನು ಕಂಡು ಹುಬ್ಬೇರಿಸುತ್ತಾರೆ. ಅಲ್ಲಿ ಹೆದ್ದಾರಿಯ ಪಕ್ಕ ಗಂಡನೂ ತಲೆ ಕೆರೆದುಕೊಂಡಿರಬೇಕು. ಚಾನೆಲ್ ಮತ್ತೆ ಬದಲಾಗಿ ಅಡುಗೆ, ಮತ್ತೆ ಬದಲಾಗಿ ಕುಸ್ತಿ, ತಡವರಿಸುತ್ತಾ ತಡವರಿಸುತ್ತಾ ಕೊನೆಗೆ ಒಂದು ದೊಡ್ಡ ಆನೆ ಕಿವಿ ಬೀಸುತ್ತಾ ಬಂದು ನಿಲ್ಲುತ್ತದೆ.

ಹೆಂಡತಿಯ ಗಂಟಲಿನಿಂದ ಒಂದು ಸದ್ದು ಬರುತ್ತದೆ. ಎರಡು ವರ್ಷದಿಂದ ಆ ಸದ್ದು ಕೇಳಿರಲಿಲ್ಲ ಎಂದು ಅಕ್ಕ ಹೇಳುತ್ತಾರೆ. ಅದು ನಗು. ಬಾಯಿ ಸೊಟ್ಟಗಿದೆ ಎಂಬುದನ್ನು ಮರೆತು ಆಕೆ ನಗುತ್ತಿದ್ದಾರೆ. ನಗುತ್ತಲೇ ಎಡಗೈ ಎತ್ತಿ ಹಾಡು ಒತ್ತುತ್ತಾರೆ. ಆನೆ ಬರುತ್ತದೆ. ಹಾಡು ಬರುತ್ತದೆ. ಮತ್ತೆ ಆನೆ. ಒಲೆಯ ಮೇಲೆ ಹಾಲು ಉಕ್ಕಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಇವತ್ತು ಗಂಡ ಬೇಗ ಸೋಲುವ ಹಾಗೆ ಕಾಣುವುದಿಲ್ಲ.

ಆ ತಪ್ಪು ಗುಂಡಿಯನ್ನು ಸರಿಮಾಡಿ, ತಂತಿಯಮ್ಮ ಚೀಲ ಹೆಗಲಿಗೇರಿಸಿ ಬೀದಿಗೆ ಇಳಿಯುತ್ತಾರೆ. ಇವತ್ತು ಇನ್ನೂ ನಾಲ್ಕು ಮನೆ ಇವೆ. ಹತ್ತೊಂಬತ್ತು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಮೊದಲು ಅದೆಲ್ಲ ಏನಿಲ್ಲ ಎಂದು ಕೈ ಆಡಿಸುತ್ತಾರೆ. ನಾಲ್ಕು ಹೆಜ್ಜೆ ಹೋದವರು ನಿಂತು, ಮುಖ ಸ್ವಲ್ಪ ಕೆಂಪಾಗಿ, ಹೇಳುತ್ತಾರೆ:

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಈ ಮನೇಲಿ ಜಗಳ ನಿಂತಿದ್ದಕ್ಕೆ ಊಟವೇ ನಿಂತುಹೋಗಿತ್ತು. ಜಗಳ ಬಿಡಿಸೋರು ಬೇಕಾದಷ್ಟು ಜನ ಇದ್ದಾರೆ. ನಾನು ಹಚ್ಚಿಕೊಟ್ಟು ಬಂದಿದ್ದೀನಿ."