ಕೆಸರಲ್ಲಿ ಗೀಚಿದ ಎರಡು ಬಾಣ

ಹುರುಳಿಕಾಯಿ ತುಂಬಿದ ನಮ್ಮ ಎತ್ತಿನಗಾಡಿ ಅನುಗೊಂಡನಹಳ್ಳಿ ದಾರಿಯ ಕೆಸರಲ್ಲಿ ಹೂತುಹೋಗಿತ್ತು. ಹೊಸಕೋಟೆಯ ಲಾರಿ ತಪ್ಪಿದರೆ ಕಾಯೆಲ್ಲ ಬಾಡುತ್ತಿತ್ತು. ಕಾಲು ಹೂತು ಎಳೆಯಲಾರದ ಎತ್ತು ಬಿಚ್ಚಿ, ಗಾಡಿಗೆ ಎರಡು ಹಗ್ಗ ಕಟ್ಟಿ, ಕೆಸರು ತುಳಿಯದೆ ದಾರಿಯ ಎಡದ ಅಂಚಿನಲ್ಲಿ ನಾನು, ಬಲದ ಅಂಚಿನಲ್ಲಿ ಭಾವ, ಹಟಕ್ಕೆ ಬಿದ್ದು ಜಗ್ಗುತ್ತಿದ್ದೆವು.

ಹೈಸ್ಕೂಲಿನಿಂದ ಬರುತ್ತಿದ್ದ ತಂಗಿ ಸಾವಿತ್ರಿ ನಕ್ಕುಬಿಟ್ಟಳು. "ನೀನು ಎಳೀತಿರೋದು ಗಾಡೀನಲ್ಲ ಕಣಣ್ಣ, ಭಾವನ್ನ!"

ಕೆಸರಲ್ಲಿ ಕಡ್ಡಿಯಿಂದ ಎರಡು ಬಾಣ ಗೀಚಿ, ಅವು ಒಂದೇ ದಿಕ್ಕಿಗೆ ತಿರುಗಿದಷ್ಟೂ ಇಬ್ಬರ ಬಲ ಕೂಡುತ್ತದೆ ಎಂದು ತೋರಿಸಿದಳು. ಬಾವಿಹಗ್ಗ ತಂದು ಗಂಟುಹಾಕಿ ಉದ್ದ ಮಾಡಿದೆವು. ಕೆಸರು ದಾಟಿ, ಗಟ್ಟಿನೆಲದಲ್ಲಿ ಪಕ್ಕಪಕ್ಕ ನಿಂತು ಎಳೆದಾಗ ಗಾಡಿ ಎದ್ದುಬಂತು. ಲಾರಿಯೂ ಸಿಕ್ಕಿತು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಈಗ ಯಾರಾದರೂ ಎಷ್ಟು ಎಳೆದರೂ ಬರಲಿಲ್ಲವೆಂದರೆ, "ಎಲ್ಲಿ ನಿಂತು ಎಳೆದ್ರಪ್ಪಾ?" ಎಂದೇ ಮೊದಲು ಕೇಳುತ್ತೇನೆ.