ಹತ್ತು ತಾಸಿನ ಬೆಳಕು

ಉಪ್ಪು ಅಡುಗೆಮನೆಯ ಡಬ್ಬಿಯಲ್ಲಿ ತೆಪ್ಪಗೆ ಕೂತಿರುವ ವಸ್ತು ಎಂದು ನೀವು ತಿಳಿದಿದ್ದರೆ, ಒಮ್ಮೆ ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಗೆ ಬರಬೇಕು. ಇಲ್ಲಿ ಅದು ಪಡಸಾಲೆಯ ಸ್ವಿಚ್ ಬೋರ್ಡಿನ ಮೇಲೆ, ಕುರ್ಚಿಯ ಕೈಗಳ ಮೇಲೆ, ಗೋಡೆಗೆ ತೂಗುಹಾಕಿದ ಬಸವಣ್ಣನ ಪಟದ ಗಾಜಿನ ಮೇಲೆ ಸಹ ತೆಳ್ಳನೆಯ ಬಿಳಿ ಪುಡಿಯಾಗಿ ಕೂತಿರುತ್ತದೆ. ದಿನವೂ ಒದ್ದೆ ಬಟ್ಟೆ ಹಿಡಿದು ಒರೆಸುವ ನನ್ನ ಹೆಂಡತಿ ಇದಕ್ಕೆ ‘ನಿಮ್ಮ ಎರಡನೇ ಸಂಸಾರ’ ಎಂದು ಹೆಸರಿಟ್ಟಿದ್ದಾಳೆ. ಈ ಉಪ್ಪೆಲ್ಲ ಹಾರಿ ಬರುವುದು ಕಿಟಕಿಯಿಂದ ದೂರದ ಮೂಲೆಯಲ್ಲಿರುವ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಿಂದ. ಅದರಲ್ಲಿರುವುದು ಸಮುದ್ರ. ಅಂದರೆ ಸಮುದ್ರದ ಹದಕ್ಕೆ ಕಲಸಿದ ಉಪ್ಪುನೀರು, ಕೆಲವು ಬಂಡೆಗಳು, ಎರಡು ಕಿತ್ತಳೆ ಬಣ್ಣದ ಮೀನುಗಳು, ಮತ್ತು, ಒಂದು ಕಾಲಕ್ಕೆ, ಹವಳಗಳು.

ನಮ್ಮ ಕಡೆ ಹವಳವೆಂದರೆ ಜೋಯಿಸರು ಹೇಳಿ ಹಾಕಿಸುವ ಉಂಗುರದ ಕೆಂಪು ಹರಳು. ಅದು ಜೀವವಿರುವ ಪ್ರಾಣಿ ಎಂದರೆ ನೆಂಟರು ನಗುತ್ತಾರೆ. ನಾನೂ ಮೊದಲು ನಕ್ಕವನೇ. ಆದರೆ ಅದು ಪ್ರಾಣಿಯೇ, ಮತ್ತು ಅದರ ಬದುಕಿನ ರೀತಿ ಬಲು ವಿಚಿತ್ರವಾದದ್ದು. ಅದರ ಮೈ ಬಹುಮಟ್ಟಿಗೆ ಪಾರದರ್ಶಕ. ನಮಗೆ ಕಾಣುವ ಬಣ್ಣದಲ್ಲಿ ದೊಡ್ಡ ಪಾಲು ಅದರೊಳಗೆ ಬಾಡಿಗೆಗಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯದು. ಪಾಚಿ ಬೆಳಕಿನಿಂದ ಅನ್ನ ಮಾಡಿಕೊಂಡು ಮನೆಯೊಡೆಯನಿಗೂ ಬಡಿಸುತ್ತದೆ. ಬೆಳಕು ಕಡಿಮೆಯಾದರೆ ಇಬ್ಬರೂ ಬಡವಾಗುತ್ತಾರೆ. ಬೆಳಕು ಮಿತಿಮೀರಿದರೆ ಪಾಚಿಯ ಅಡುಗೆಯೇ ವಿಷವಾಗಿ, ಹವಳವು ತನ್ನನ್ನು ಸಾಕುತ್ತಿದ್ದವನನ್ನು ತಾನೇ ಹೊರಗೆ ಹಾಕಿ, ಬೆಳ್ಳಗಾಗಿ, ಹಸಿದುಕೊಂಡು ನಿಲ್ಲುತ್ತದೆ. ಈ ಕೊನೆಯ ಮಾತನ್ನು ನಾನು ಕಲಿತದ್ದು ತಡವಾಗಿ.

ತೊಟ್ಟಿ ನನ್ನದಲ್ಲ, ಮಹಬೂಬನದು. ಖಾನಾಪುರದ ಸಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಬೆಳಗಾವಿಗೆ ಬಂದು ಮೂವತ್ತು ವರ್ಷ ಭೌತಶಾಸ್ತ್ರದ ಮಾಸ್ತರಿಕೆ ಮಾಡಿದೆ. ಅವನು ಅಲ್ಲೇ ಉಳಿದು ಗಾಜು ಕತ್ತರಿಸುವ ಅಂಗಡಿ ಇಟ್ಟ. ಕನ್ನಡ, ಮರಾಠಿ ಎರಡರಲ್ಲೂ ಗಿರಾಕಿಗಳನ್ನು ನಗಿಸುತ್ತ, ಕಿಟಕಿಗೂ ಪಟಕ್ಕೂ ಗಾಜು ಕೂರಿಸುತ್ತಿದ್ದ ಅವನು ಒಂದು ದಿನ ತನ್ನ ಕೈಯಾರೆ ಈ ತೊಟ್ಟಿ ಕಟ್ಟಿ, ಗೋವೆಯ ಕಡೆಯ ಪರಿಚಯದವರಿಂದ ಒಂದೊಂದೇ ಹವಳದ ತುಂಡು ತರಿಸಿ ಬೆಳೆಸಿದ. ಹನ್ನೆರಡು ವರ್ಷ ಬೆಳೆಸಿದ. ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಬಂತು. ಮೊದಲು ಗಾಜಿನ ಮೇಲೆ ಎಳೆದ ಗೆರೆ ಹೋಯಿತು, ನಂತರ ಮುಖಗಳು ಹೋದವು, ಕಡೆಗೆ ಬಣ್ಣಗಳು. ಅಂಗಡಿ ಮುಚ್ಚಿದ ವಾರದಲ್ಲೇ ತೊಟ್ಟಿಯನ್ನು ನನ್ನ ಮನೆಗೆ ಕಳಿಸಿದ.

“ಬ್ಯಾರೆಯವರಿಗೆ ಕೊಟ್ಟರ ಮಾರಿಬಿಡತಾರ. ನೀ ಬೆಳಕಿನ ಪಾಠಾ ಹೇಳಿದಾಂವ, ನಿನ್ನ ಕೈಯಾಗ ಬದುಕತಾವ,” ಎಂದ. “ಒಂದ ಕೆಲಸಾ ಮಾಡು ಮಾಸ್ತರ. ರವಿವಾರಕ್ಕೊಮ್ಮೆ ಫೋನ್ ಮಾಡಿ, ಹೆಂಗ ಕಾಣತಾವ ಹೇಳು. ಅಷ್ಟ ಸಾಕು ನನಗ.”

ಜೊತೆಗೆ ಒಂದು ಹಾಳೆ ಕಳಿಸಿದ್ದ, ಕಣ್ಣಿದ್ದ ಕಾಲದಲ್ಲಿ ದುಂಡಗೆ ಬರೆದದ್ದು. ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಯಾವಾಗ ನೀರು ಬದಲಿಸಬೇಕು, ದೀಪ ದಿನಕ್ಕೆ ಹತ್ತು ತಾಸು. ನಾನು ಅದನ್ನು ಪಾಲಿಸಿದ ನಿಷ್ಠೆಯನ್ನು ಕಂಡಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ನಾಚಿಕೊಳ್ಳುತ್ತಿದ್ದರು. ದೀಪ ಒಂದು ನಿಮಿಷವೂ ಆಚೀಚೆಯಾಗದಂತೆ ಟೈಮರ್ ಇಟ್ಟೆ. ಕರೆಂಟ್ ಹೋದರೂ ಆರದಿರಲೆಂದು ಮನೆಯ ಇನ್ವರ್ಟರಿಗೆ ಜೋಡಿಸಿದೆ. ಹತ್ತು ತಾಸು ಎಂದರೆ ಹತ್ತು ತಾಸು.

ಎರಡನೇ ತಿಂಗಳಿಗೆ ಹವಳಗಳ ಬಣ್ಣ ಇಳಿಯತೊಡಗಿತು. ಎಡಗಡೆಯ ಬಂಡೆಯ ಮೇಲೆ ಅಂಗೈಯಗಲ ಹಬ್ಬಿದ್ದ ಹಸಿರು ಹವಳ, ಮಹಬೂಬ ಎಲ್ಲಕ್ಕಿಂತ ಮೊದಲು ತಂದು ನೆಟ್ಟಿದ್ದು, ಬಿಸಿಲಿಗೆ ಹಾಕಿದ ಬಟ್ಟೆಯಂತೆ ಮಾಸಿತು. ನೀರು ಪರೀಕ್ಷೆ ಮಾಡಿದೆ, ಸರಿಯಿತ್ತು. ಉಪ್ಪಿನ ಬ್ರಾಂಡ್ ಬದಲಿಸಿದೆ. ಬಾಟಲಿಯಲ್ಲಿ ನೀರು ತುಂಬಿಕೊಂಡು ಕೋಟೆಯ ಹತ್ತಿರದ ಸಾಕುಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, “ನೀರಿಂದೇನೂ ತಪ್ಪಿಲ್ಲ ಬಿಡ್ರಿ ಸರ, ಬ್ಯಾರೆ ಏನರ ಇರಬೇಕು,” ಎಂದ. ಆ ಬೇರೆ ಏನೋ ಯಾವುದೆಂದು ಯೋಚಿಸಿದಾಗ ನನ್ನೊಳಗಿನ ಮಾಸ್ತರ ಎದ್ದು ನಿಂತ. ಬೆಳ್ಳಗಾಗುವುದೆಂದರೆ ಬಡವಾಗುವುದು, ಬಡವಾದದ್ದಕ್ಕೆ ಊಟ ಹೆಚ್ಚು ಮಾಡಬೇಕು, ಹವಳದ ಊಟ ಬೆಳಕು. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಹೆಚ್ಚಿನ ಕ್ಲಾಸು ತೆಗೆದುಕೊಂಡ ಹಾಗೆ ವಾರವಾರವೂ ದೀಪದ ಪ್ರಖರತೆಯನ್ನು ಒಂದಿಷ್ಟು ಏರಿಸಿದೆ. ಅವು ಇನ್ನಷ್ಟು ಬೆಳ್ಳಗಾದವು. ನಾನು ಇನ್ನಷ್ಟು ಏರಿಸಿದೆ.

ಇದು ನನ್ನ ಮೊದಲನೆಯ ತಪ್ಪು, ಮತ್ತು ಇದನ್ನು ನೀವು ಕ್ಷಮಿಸಬಹುದು. ಎರಡನೆಯದನ್ನು ಕೇಳಿ. ರವಿವಾರದ ಫೋನಿನಲ್ಲಿ ಅವನು “ಹಸರಂದು ಹೆಂಗೈತಿ?” ಎಂದು ಕೇಳಿದಾಗ ನಾನು, “ಛಲೋ ಐತಿ, ಅಗದೀ ಹಸರ ಐತಿ,” ಎಂದೆ. ಮುಂದಿನ ವಾರ ಅದು ಬೆರಳಗಲ ಬೆಳೆದಿದೆ ಎಂದೂ ಸೇರಿಸಿದೆ. ಕಣ್ಣು ಕಳೆದುಕೊಂಡವನಿಗೆ ಇನ್ನೊಂದು ದುಃಖ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಹೇಳಬೇಕೆಂದರೆ, ಬೆಳಕಿನ ಪಾಠ ಹೇಳಿದವನು ಬೆಳಕಿನಲ್ಲೇ ಸೋತೆ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಆ ಹೊತ್ತಿಗೆ ಹಸಿರು ಹವಳದ ಮೈಯೆಲ್ಲ ಕರಗಿ ಬರಿಯ ಸುಣ್ಣದ ಎಲುಬು ಉಳಿದಿತ್ತು.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಹೆಂಡತಿ ರಜಿಯಾಳ ಫೋನು ಬಂತು. ಇಬ್ಬರೂ ರೈಲಿನಲ್ಲಿದ್ದರು. “ದೇಸೂರ ಬಂತ್ರಿ ಅಣ್ಣಾರ. ಹವಳ ನೋಡಬೇಕಂತ ಇವರು ಹಟಾ ಹಿಡದಾರ,” ಎಂದಳು. ದೇಸೂರು ಬೆಳಗಾವಿಗೆ ಮುಂಚಿನ ಕೊನೆಯ ನಿಲ್ದಾಣ; ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತು? ನಾನು ಏನು ಮಾಡಿದೆ ಗೊತ್ತೇ? ಓಡಿಹೋಗಿ ಬಿಳಿಯ ದೀಪಗಳನ್ನು ಆರಿಸಿ ನೀಲಿಯವನ್ನಷ್ಟೇ ಉಳಿಸಿದೆ. ಆ ನೀಲಿಯಲ್ಲಿ ಎಲ್ಲ ಬಿಳಿಯೂ ನೀಲಿಯಾಗಿ, ಸತ್ತದ್ದಕ್ಕೂ ಒಂದು ಬಣ್ಣ ಬರುತ್ತದೆ. ಕಾಣದ ಕಣ್ಣಿಗೂ ಮಣ್ಣೆರಚಲು ಹೊರಟ ಮನುಷ್ಯನನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ರಜಿಯಾ ಅವನ ಕೈ ಹಿಡಿದು ಒಳಗೆ ಬಂದಳು, ತೊಟ್ಟಿಯ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆಕೆಗೆ ನೀಲಿ ದೀಪ ಮೋಸ ಮಾಡಲಿಲ್ಲ. ಹನ್ನೆರಡು ವರ್ಷ ಆ ಗಾಜನ್ನು ಒರೆಸಿದವಳು ಆಕೆ.

“ಹೆಂಗ ಅದಾವು?” ಎಂದು ಮಹಬೂಬ ಕೇಳಿದ್ದು ಅವಳನ್ನು.

“ಛಲೋ ಅದಾವ್ರಿ,” ಎಂದಳು. ನನಗಾಗಿ ಹೇಳಿದಳೋ, ಅವನಿಗಾಗಿ ಹೇಳಿದಳೋ, ಈಗಲೂ ತಿಳಿಯದು.

“ಕುಂದರು, ಚಾ ಕುಡಿಯೂಣು,” ಎಂದೆ. ಅವನು ಕೂರಲಿಲ್ಲ. ಅಂಗಿಯ ತೋಳು ಮಡಿಸಿ, ತೊಟ್ಟಿಯ ಅಂಚನ್ನು ಹುಡುಕಿ, ತಾನೇ ಕಟ್ಟಿದ ಗಾಜಿನ ಅಳತೆ ಬೆರಳಿಗೆ ನೆನಪಿದ್ದಂತೆ ನೇರವಾಗಿ ಎಡಗಡೆಯ ಬಂಡೆಗೆ ಕೈಯಿಳಿಸಿದ. ಬದುಕಿರುವ ಹವಳ ಬೆರಳಿಗೆ ಮೆತ್ತಗೆ, ಲೋಳೆಯಾಗಿ ಸಿಗುತ್ತದೆ. ಅವನ ಬೆರಳು ಅಲ್ಲಿ ಹೋಯಿತು, ನಿಂತಿತು, ಸುತ್ತಲೂ ಒಮ್ಮೆ ಸವರಿತು.

“ಪಾಲಿಶ್ ಕಾಗದದಂಗ ಖರಖರ ಆಗೇತಲ್ಲೋ,” ಎಂದ ಮೆಲ್ಲಗೆ.

ಕೈಯನ್ನು ನೀರಿನಲ್ಲೇ ಇಟ್ಟುಕೊಂಡು ಕೇಳಿದ, “ದೀಪಾ ಎಷ್ಟ ತಾಸ ಹಚ್ಚತಿ?”

“ನೀ ಬರದಂಗ. ಹತ್ತ ತಾಸು.”

“ಕರೆಂಟ್ ಹೋಗೂದಿಲ್ಲೇನ ನಿಮ್ಮಲ್ಲಿ?”

“ಹೋದರ ಇನ್ವರ್ಟರ್ ಐತಿ.”

“ನಮ್ಮಲ್ಲಿ ಮಧ್ಯಾಹ್ನದಾಗ ದಿನಾ ಮೂರ ತಾಸು, ನಾಕ ತಾಸು ಇರತಿದ್ದಿಲ್ಲ ಮಾಸ್ತರ. ನೀರಿನ ಪಂಪಿಗಷ್ಟ ಬ್ಯಾಟರಿ ಇಟ್ಟಿದ್ದೆ, ದೀಪಕ್ಕಲ್ಲ. ಕರೆಂಟ್ ಹೋಗೂದನ್ನ ಯಾರ ಬರದ ಇಡತಾರ?”

ಬರೆದಿಡಬೇಕಾಗಿರಲಿಲ್ಲ. ಖಾನಾಪುರದ ಆ ಕರೆಂಟಿಲ್ಲದ ತಾಸುಗಳಲ್ಲೇ ಅವನ ಪಕ್ಕದಲ್ಲಿ ಕೂತು, ಪುಸ್ತಕವನ್ನು ಕಿಟಕಿಗೆ ಹಿಡಿದು ಓದಿ ನಾನು ಮಾಸ್ತರನಾದದ್ದು. ನನಗೆ ಗೊತ್ತಿದ್ದ ಸಂಗತಿ ಅದು. ಕಾಗದದ ಮೇಲಿನ ಅಂಕಿಯನ್ನು ಕಂಡವನು ನನ್ನ ಸ್ವಂತ ಊರನ್ನು ಮರೆತೆ.

“ತಪ್ಪಾತು ಮಹಬೂಬ,” ಎಂದೆ. “ಬೆಳಕಿಂದು ನನಗ ತಿಳೀಲಿಲ್ಲ.”

“ಬೆಳಕಿಂದ ಬಿಡು. ತಿಳೀದ ಆಗಿದ್ದು.” ಅವನು ಕೈಯನ್ನು ಹೊರಗೆ ತೆಗೆದ; ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ಹ್ವಾದ ರವಿವಾರ ಹಸರ ಐತಿ ಅಂದಿ. ಬೆಳದೈತಿ ಅಂದಿ. ನೀ ಫೋನ್ ಇಟ್ಟ ಮ್ಯಾಲ ನಾ ಕುಂತ ಅದನ್ನ ನೋಡತಿದ್ದೆ. ವಾರೆಲ್ಲಾ ನೋಡತಿದ್ದೆ. ನನಗ ಈಗ ಕಾಣೂದು ಅದೊಂದ ಇತ್ತು.”

ರಜಿಯಾ ತನ್ನ ಸೆರಗಿನಿಂದ ಅವನ ಕೈ ಒರೆಸಿದಳು. ಚಹಾ ಕುಡಿಯದೆ ಹೋದರು ಎಂದರೆ ಸುಳ್ಳಾಗುತ್ತದೆ. ಕುಡಿದರು, ನನ್ನ ಹೆಂಡತಿಯ ಮೊಣಕಾಲು ನೋವು ವಿಚಾರಿಸಿದರು, ಮಧ್ಯಾಹ್ನದ ರೈಲಿಗೆ ಹೋದರು. ಜಗಳವಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ದೀಪವನ್ನು ಆರು ತಾಸಿಗೆ ಇಳಿಸಿ, ಪ್ರಖರತೆಯನ್ನು ಅರ್ಧಕ್ಕೆ ತಂದಿದ್ದೇನೆ. ಉಳಿದ ಹವಳಗಳು ಒಂದೊಂದಾಗಿ ಹೋದವು, ಮೊನ್ನೆ ಮೊನ್ನೆಯವರೆಗೂ ಹೋಗುತ್ತಲೇ ಇದ್ದವು. ಕಳೆದ ವಾರ ಹಸಿರು ಹವಳದ ಎಲುಬಿನ ಹಿಂಬದಿಯಲ್ಲಿ, ಬಂಡೆಯ ನೆರಳು ಬೀಳುವಲ್ಲಿ, ಬೇಳೆಕಾಳಿನಷ್ಟು ಜೀವ ಉಳಿದು ಬಣ್ಣಕ್ಕೆ ತಿರುಗಿರುವುದನ್ನು ಕಂಡೆ. ಭೂತಗನ್ನಡಿ ಹಿಡಿದು ನೋಡಿದೆ. ಹೆಂಡತಿಯನ್ನು ಕರೆದು ತೋರಿಸಿದೆ. ಹಸಿರೇ ಹೌದು ಎಂದಳು.

ರವಿವಾರ ಫೋನ್ ಮಾಡಿದೆ. ರಜಿಯಾಳ ಆರೋಗ್ಯ, ಅವನ ಸಕ್ಕರೆಯ ಮಟ್ಟ, ಖಾನಾಪುರದ ಮಳೆ, ಎಲ್ಲ ಮಾತಾಡಿದೆವು. ಅವನು ಹವಳದ ಬಗ್ಗೆ ಕೇಳಲಿಲ್ಲ. ಆವತ್ತಿನಿಂದ ಒಮ್ಮೆಯೂ ಕೇಳಿಲ್ಲ. ನಾನೇ ತಡೆಯಲಾರದೆ, “ಮಹಬೂಬ, ಹಸರಂದು ಒಂದ ಚೂರು ಜೀವಾ ಹಿಡದೈತಿ,” ಎಂದೆ.

“ಹೌದ? ಛಲೋ ಆತು,” ಎಂದ, ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರು ಏನಾದರೂ ಹೇಳಿದರೆ ಹೇಳುತ್ತೇವಲ್ಲ, ಆ ಧಾಟಿಯಲ್ಲಿ.

ಅವನನ್ನು ಕರೆಸಿ ಮುಟ್ಟಿಸೋಣವೆಂದರೆ ಅದು ಬೆರಳ ತುದಿಗೂ ಸಾಲದಷ್ಟು ಚಿಕ್ಕದು, ಮುಟ್ಟಿದರೆ ಉಳಿಯದು. ಅದು ಹಸಿರಾಗಿದೆ ಎಂಬುದಕ್ಕೆ ಅವನ ಪಾಲಿಗೆ ನನ್ನ ಮಾತೊಂದೇ ಸಾಕ್ಷಿ.