ಗುಳ್ಳೆ ಬರದ ಬಾಟಲಿ

ಉಪ್ಪಲ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಎಣ್ಣಿಗಾಯಿ ಮಾಡಿದ ದಿನ ಊಟದ ಹೊತ್ತಿಗೆ ನಮ್ಮಲ್ಲಿ ಮಾತು ಕಡಿಮೆ. ಮಸಾಲೆ ಅವ್ವನದೇ, ಕೈಯೂ ಅವ್ವನದೇ. ಬದನೆಕಾಯಿ ಮಾತ್ರ ಮಾರ್ಕೆಟ್ಟಿನದು, ಊದಾ ಬಣ್ಣದ್ದು, ಸಿಪ್ಪೆ ಚರ್ಮದ ಚಪ್ಪಲಿಗಿಂತ ಗಟ್ಟಿ. ಚೆನ್ನಾಗಿದೆ ಅಂತ ಮೂವರೂ ಸುಳ್ಳು ಹೇಳಿ ಏಳುತ್ತೇವೆ.

ನಿಜವಾದ ಬದನೆಕಾಯಿ ಇದ್ದದ್ದು ನಾವು ಮೊದಲಿದ್ದ ಕ್ವಾರ್ಟರ್ಸಿನ ಹಿತ್ತಲಲ್ಲಿ. ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಅಪ್ಪನಿಗೆ ಇಲ್ಲಿ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ನೌಕರಿ ಇತ್ತು. ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಬಂದು ಕಾಚಿಗೂಡದಲ್ಲಿ ರೈಲು ಇಳಿದಾಗ ಅವ್ವನ ಸೆರಗಿನ ತುದಿಯಲ್ಲಿ ಆ ಬೀಜದ ಗಂಟು ಇತ್ತಂತೆ. ಅವತ್ತಿನಿಂದ ಪ್ರತಿ ವರ್ಷವೂ ಅವಳು ಚೆಂದದ ಕಾಯಿ ನೋಡಿ ತೊಟ್ಟಿಗೆ ಕೆಂಪು ದಾರ ಕಟ್ಟಿ ಬೀಜಕ್ಕೆ ಬಿಡುತ್ತಿದ್ದಳು. ದಾರದ ಕಾಯಿಗೆ ಕೈ ಹಚ್ಚುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಅದು ಹಳದಿಯಾದ ಮೇಲೆ ಕಿವುಚಿ, ತೊಳೆದು, ನೀರಲ್ಲಿ ಮುಳುಗಿದ ಬೀಜವನ್ನು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ನೇತು ಹಾಕುವಳು. ಪಕ್ಕದ ಮನೆಯ ತೆಲುಗು ಆಂಟಿಗೆ ಬುಟ್ಟಿಗಟ್ಟಲೆ ಕಾಯಿ ಕೊಟ್ಟಳು, ಬೀಜ ಮಾತ್ರ ಒಂದು ಚಿಟಿಕೆಯೂ ಕೊಡಲಿಲ್ಲ. ಬೀಜ ಹೊರಗೆ ಹೋದರೆ ಮನೆ ಬರಿದಾಗುತ್ತದೆ ಅಂತ ಅವಳ ತವರಿನ ನಂಬಿಕೆ. ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ, ಸೀಲಿಂಗ್. ಏನೇನೋ ಯಂತ್ರದ ಪೆಟ್ಟಿಗೆಗಳ ಒಳಗೆ ಗಾಳಿ, ನೀರು ಹೋಗದ ಹಾಗೆ ಮುಚ್ಚುವುದು, ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುವುದು. ಗುಳ್ಳೆ ಬಂದರೆ ಲೀಕ್, ಆ ಪೆಟ್ಟಿಗೆ ವಾಪಸ್. ತಾನು ಮುಚ್ಚಿದ್ದು ಒಂದೂ ವಾಪಸ್ ಬಂದಿಲ್ಲ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನಮ್ಮ ಮನೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಯಾವಾಗಲೂ ಇಬ್ಬರು ಬೇಕಾಗುತ್ತಿತ್ತು.

ಅಪ್ಪ ನಿವೃತ್ತನಾಗಿ ಕ್ವಾರ್ಟರ್ಸ್ ಬಿಡುವ ಹೊತ್ತಿಗೆ ಮಳೆಗಾಲ. ಹಿಂದಿನ ವರ್ಷದ ಗಂಟಿಗೆ ಹುಳ ಬಿದ್ದಿತ್ತು. ಗಿಡಗಳನ್ನಂತೂ ಹೊತ್ತು ತರುವ ಹಾಗಿರಲಿಲ್ಲ, ಹೊಸ ಬೀಜವೊಂದೇ ಆಧಾರ. ಅದನ್ನು ಅವ್ವ ತೊಳೆದು ಹರವಿದ್ದಳು. ಬಿಸಿಲು ಬೀಳಲಿಲ್ಲ, ಮಳೆ ನಿಲ್ಲಲಿಲ್ಲ, ಅಷ್ಟರಲ್ಲಿ ಸಾಮಾನಿನ ಲಾರಿ ಬಾಗಿಲಿಗೆ ಬಂದು ನಿಂತಿತು. ನಾನು ಸಂಜೆ ಕಾಲೇಜಿನಿಂದ ಬರುವಷ್ಟರಲ್ಲಿ ಎಲ್ಲ ಕಟ್ಟಿಯಾಗಿತ್ತು. ಅಪ್ಪ ಹುರುಪಿನಲ್ಲಿದ್ದ.

"ನಿಮ್ಮವ್ವ ಬಾಯಿ ಬಿಟ್ಟು ಕೇಳಿದ್ಲವಾ. 'ಫ್ಯಾಕ್ಟರಿಗೆ ಅಷ್ಟ ಮಾಡೀರಿ, ನನ್ನ ಬೀಜಕ್ಕೊಂದ್ಸಲ ಮಾಡಿಕೊಡ್ರಿ' ಅಂದ್ಲು. ಹಾರ್ಲಿಕ್ಸ್ ಬಾಟ್ಲ್ಯಾಗ ಹಾಕಿ, ರಬ್ಬರ್ ಕೂಡಿಸಿ, ಮ್ಯಾಲ ಮೇಣ ಹೊಯ್ದು, ಬಕೀಟಿನ್ಯಾಗ ಮುಳುಗಿಸಿ ನೋಡೀನಿ. ಒಂದ ಗುಳ್ಳಿ ಬರಲಿಲ್ಲ! ಹುಳ ಅಲ್ಲ, ಗಾಳಿನೂ ಹೋಗಂಗಿಲ್ಲ."

ಪಕ್ಕದಲ್ಲಿ ನಿಂತ ಅವ್ವ ನಕ್ಕಳು. ಅವನ ಕೆಲಸವನ್ನು ಅವಳು ಮೆಚ್ಚಿದ್ದು ಅವತ್ತೇ ಮೊದಲಿರಬೇಕು. ಬಾಟಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದರು. ಅದು ನನ್ನ ಕಣ್ಣಿಗೂ ಬೀಳಲಿಲ್ಲ.

ಚಳಿಗಾಲ, ಬೇಸಿಗೆಯೆಲ್ಲ ಅದು ಹೊಸ ಅಡುಗೆಮನೆಯ ಸಜ್ಜಾದ ಮೇಲೆ ಕೂತಿತು. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಬಾಲ್ಕನಿಯಲ್ಲಿ ಕುಂಡ ಜೋಡಿಸಿ, ಅಪ್ಪ ಚಾಕುವಿನಿಂದ ಮೇಣ ಕೆರೆದು ಮುಚ್ಚಳ ತಿರುವಿದ. ಹುಳಿ ಹೆಂಡದಂಥ ವಾಸನೆ ಬಂತು. ಬೀಜಗಳು ಕಪ್ಪಗಾಗಿ ಒಂದಕ್ಕೊಂದು ಅಂಟಿದ್ದವು. ಅವ್ವ ಬೆರಳಿಂದ ಬಿಡಿಸಿ ಬಿಡಿಸಿ ಅವನ್ನೇ ಬಿತ್ತಿದಳು. ದಿನಾ ಬೆಳಿಗ್ಗೆ ಚಹಾ ಹಿಡಿದು ಕುಂಡಗಳ ಮುಂದೆ ಕೂರುವಳು. ಒಂದೂ ಹುಟ್ಟಲಿಲ್ಲ. ಊರಿಗೆ ಫೋನ್ ಮಾಡಿದರೆ ಸೋದರಮಾವ, "ಆ ಬದ್ನಿ ಈಗ ಯಾರ್ ಹಾಕ್ತಾರವಾ, ಎಲ್ಲಾ ಪಾಕೀಟಿನ ಬೀಜ" ಅಂದ.

ನಾನು ಇಂಟರ್, ಅಂದರೆ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುವವಳು. ಪ್ರತಿ ವರ್ಷ ಮೊಳಕೆ ಕಡಲೆಯನ್ನು ಥರ್ಮಾಸಿಗೆ ತುಂಬಿ, ಥರ್ಮಾಮೀಟರ್ ಸಿಕ್ಕಿಸಿ, ಬಿಸಿ ಏರುವುದನ್ನು ತೋರಿಸುತ್ತೇನೆ. ನೋಡಿ, ಇದು ಉಸಿರಾಡುತ್ತಿದೆ ಅಂತ. ಮೂಗಿಲ್ಲದ್ದಕ್ಕೆ ಎಂಥ ಉಸಿರು ಅಂತ ಹಿಂದಿನ ಬೆಂಚು ನಗುತ್ತದೆ. ಅದೇ ಪಾಠ ನನ್ನ ಮನೆಯ ಸಜ್ಜಾದ ಮೇಲೆ ನಡೆದುಹೋಗಿತ್ತು.

ಕೆಲವು ದಿನ ಬಿಟ್ಟು ಅಪ್ಪ ಖಾಲಿ ಬಾಟಲಿ ಹಿಡಿದು ನನ್ನ ಮುಂದೆ ಕೂತ. "ಏನಾತು ಇದಕ್ಕ?"

ಅವನ ಹಿಂದೆ ನಿಂತ ಅವ್ವ ಹೇಳಬೇಡ ಅಂತ ಕಣ್ಸನ್ನೆ ಮಾಡಿದಳು. "ಕುಂಡದ ಮಣ್ಣು ಸರಿ ಇಲ್ಲಪ್ಪಾ" ಅಂದೆ.

"ಬಾಟ್ನಿ ಮೇಡಂ ಅದಿ. ಸರಿಯಾಗಿ ಹೇಳು."

ಹೇಳಿದೆ. ಬೀಜ ಅಂದರೆ ಬುತ್ತಿ ಕಟ್ಟಿಕೊಂಡು ಮಲಗಿದ ಗಿಡ. ಚೆನ್ನಾಗಿ ಒಣಗಿದ್ದರೆ ಅದರ ಉಸಿರು ಇದ್ದೂ ಇಲ್ಲದಷ್ಟು, ಬುತ್ತಿ ವರ್ಷಗಟ್ಟಲೆ ಬರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿದ್ದರೆ ಅದು ನಿದ್ದೆಗೆ ಜಾರುವುದಿಲ್ಲ. ಅದರ ಜೀವಕೋಶಗಳು ಗಾಳಿ ಎಳೆದುಕೊಂಡು ಬುತ್ತಿಯ ಸಕ್ಕರೆ ಸುಡುತ್ತಲೇ ಇರುತ್ತವೆ. ಸುಟ್ಟಷ್ಟೂ ಬಿಸಿ ಏಳುತ್ತದೆ, ನೀರು ಹುಟ್ಟುತ್ತದೆ, ಆ ನೀರಿಗೆ ಉಸಿರು ಇನ್ನೂ ಜೋರಾಗುತ್ತದೆ. ಮುಚ್ಚಿದ ಬಾಟಲಿಯಲ್ಲಿ ಗಾಳಿ ತೀರಿದ ಮೇಲೆ ಸಕ್ಕರೆ ಪೂರ್ತಿ ಉರಿಯದೆ ಹಸಿ ಕಟ್ಟಿಗೆಯ ಹಾಗೆ ಹೊಗೆಯಾಡಿ ಹೆಂಡವಾಗುತ್ತದೆ. ಅದರಿಂದ ಸಿಗುವ ಚೂರು ಶಕ್ತಿಯಲ್ಲಿ ಕೋಶ ಬಹಳ ದಿನ ಬಾಳುವುದಿಲ್ಲ.

ಅಪ್ಪ ಮುಚ್ಚಳವನ್ನು ತಿರುವಿ ತಿರುವಿ ನೋಡುತ್ತಿದ್ದ.

"ಅಂದ್ರ ನಾ ಮುಚ್ಚಿದಾಗ ಅವಕ್ಕ ಜೀವ ಇತ್ತು."

"ಇತ್ತಪ್ಪಾ."

"ಒಂದೀಟು ಲೀಕ್ ಇದ್ದಿದ್ರ ಉಳಿತಿದ್ವೇನು?"

ಲೀಕ್ ಹುಡುಕುತ್ತಲೇ ನೌಕರಿ ಮುಗಿಸಿದ ಮನುಷ್ಯ ಲೀಕ್ ಇರಬೇಕಿತ್ತೇನು ಅಂತ ಕೇಳುತ್ತಿದ್ದ. ನನಗೆ ಅಳು ಬಂತು. "ಕೆಲವಾದರೂ ಉಳಿತಿದ್ವೇನೋ" ಅಂದೆ.

"ಹೋಗ್ಲಿ ಬಿಡ್ರೀ, ನಾನ ಹೇಳಿ ಮಾಡಿಸಿದ್ದು" ಅಂದಳು ಅವ್ವ. ಅವನು ಎದ್ದು ಹೋಗಿ ಬಾಟಲಿಯನ್ನು ತೊಳೆದು ಬೋರಲು ಹಾಕಿದ. ತಾನು ಮುಚ್ಚಿದ್ದು ಒಂದೂ ವಾಪಸ್ ಬಂದಿಲ್ಲ ಅನ್ನುವ ಮಾತನ್ನು ಆಮೇಲೆ ಅವನ ಬಾಯಲ್ಲಿ ನಾನು ಕೇಳಿಲ್ಲ.

ಈಗ ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳವೂ ಬಿಗಿಯಾಗಿರುವುದಿಲ್ಲ. ಅವ್ವ ಬಿಗಿ ಮಾಡಿ ಬಂದರೆ ಅಪ್ಪ ನೀರು ಕುಡಿಯುವ ನೆಪದಲ್ಲಿ ಹೋಗಿ ಒಂದೊಂದನ್ನೇ ಅರ್ಧ ಸುತ್ತು ಸಡಿಲಿಸಿ ಬರುತ್ತಾನೆ. ಶೇಂಗಾ ಚಟ್ನಿಪುಡಿ ಮುದ್ದೆಗಟ್ಟುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಅಡುಗೆಯ ವಿಷಯದಲ್ಲಿ ಯಾರನ್ನೂ ಬಿಡದ ಅವ್ವ ಆ ಮೆತ್ತನೆಯ ಹಪ್ಪಳವನ್ನೇ ಸುಮ್ಮನೆ ಸುಟ್ಟು ಬಡಿಸುತ್ತಾಳೆ.